ಸುಚಿತ್ರಳಿಗಿಂತ ಒಂದು ರೂಪಾಯಿ ಕಡಿಮೆ

"ನೂರ ನಲವತ್ತೈದಕ್ಕೆ ಹಾಕಪ್ಪ. ಅದರ ಮೇಲೆ ಒಂದು ಪೈಸೆನೂ ಕೊಡಲ್ಲ ನಾನು," ಎಂದಳು ಪಂಕಜಾಕ್ಷಿ, ಬ್ಯಾಗನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡು.

ಸಕಲೇಶಪುರದ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಷೇರು ಆಫೀಸು ಇಟ್ಟಿದ್ದ ಜಾವೀದ್ ಕಂಪ್ಯೂಟರ್ ನೋಡಿ ತಲೆ ಕೆರೆದುಕೊಂಡ. "ಅಕ್ಕ, ಆ ಸಿಮೆಂಟ್ ಕಂಪನಿ ಷೇರು ಆಗ್ಲೇ ನೂರ ನಲವತ್ತೇಳು ಐತೆ. ಓಡೋ ಷೇರು ಇದು. ಈಗಿನ ರೇಟಿಗೇ ತಗಂಬುಡಿ."

"ಸುಚಿತ್ರಂಗೆ ನೂರ ನಲವತ್ತಾರಕ್ಕೆ ಸಿಕ್ಕೈತೆ. ನಂಗೆ ಒಂದು ರೂಪಾಯಿನಾದ್ರೂ ಕಡಿಮೆಗೆ ಸಿಗ್ಬೇಕು."

ಸುಚಿತ್ರ ಅವಳ ಓರಗಿತ್ತಿ, ಮೈದುನನ ಹೆಂಡತಿ. ಹೋದ ಗುರುವಾರ ತಾನೇ ಫೋನ್ ಮಾಡಿ ಆ ರೇಟನ್ನು ಎರಡೆರಡು ಸಲ ಹೇಳಿದ್ದಳು. "ಬುದ್ಧಿವಂತೆ ಅಂದ್ರೆ ಅವಳು ಕಣಮ್ಮ," ಎಂದು ಪಂಕಜಾಕ್ಷಿ ಬಡಿಸಿದ ಊಟ ಮಾಡುತ್ತಲೇ ಅತ್ತೆ ಸುಚಿತ್ರಳನ್ನು ಹೊಗಳಿದ್ದರು. ಅಂದಿನಿಂದ ಪಂಕಜಾಕ್ಷಿಯ ಹೊಟ್ಟೆಯೊಳಗೆ ಉರಿ. ಮೆಣಸು ಮಾರಿ ಕೂಡಿಟ್ಟಿದ್ದ ದುಡ್ಡು ತೆಗೆದುಕೊಂಡು ಪಾಳ್ಯದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಷೇರು ಎಂದರೇನು ಎಂಬುದು ಅವಳಿಗೆ ಅರ್ಧಂಬರ್ಧ ಗೊತ್ತು. ಸುಚಿತ್ರಳಿಗಿಂತ ಕಡಿಮೆ ಎಂದರೇನು ಎಂಬುದು ಚೆನ್ನಾಗಿ ಗೊತ್ತು.

"ಹಾಕಿದೀಯಲ್ಲ? ನಾನು ಕೆಳಗೆ ಹೋಗಿ ಕಾಫಿ ಕುಡ್ದು ಬತ್ತೀನಿ. ತಾವಾಗೇ ಕರೀತಾರೆ ನೋಡ್ತಿರು," ಎಂದು ಎದ್ದು ಹೊರಟಳು. ಸೀರೆ ಅಂಗಡಿಯಲ್ಲಾಗಲಿ ಪಾತ್ರೆ ಅಂಗಡಿಯಲ್ಲಾಗಲಿ ಅವಳ ಚೌಕಾಸಿ ಹಾಗೆಯೇ. ರೇಟು ಹೇಳುವುದು, ಎದ್ದು ನಡೆಯುವುದು. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಅಂಗಡಿಯವನು ಕೂಗಿ ಕರೆಯುವುದು. ಆಲೂರಿನ ಸಂತೆಯಲ್ಲಿ ಇದುವರೆಗೆ ಅವಳು ಸೋತದ್ದಿಲ್ಲ.

ಇಲ್ಲಿ ಹದಿನೆಂಟು ಮೆಟ್ಟಿಲು ಇಳಿದರೂ ಯಾರೂ ಕೂಗಲಿಲ್ಲ. ಕಾಫಿ ಕುಡಿದು, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಮೇಲೆ ಬಂದಾಗ ರೇಟು ನೂರ ಐವತ್ತೆರಡು.

"ನಾನು ಹೇಳಿದ್ದಕ್ಕೆ ಬರಲೇ ಇಲ್ವೇನೋ?"

"ಬಂತಕ್ಕ, ಒಂದು ಗಳಿಗೆ. ನಿಮಗಿಂತ ಮುಂಚೆ ಅದೇ ರೇಟು ಹೇಳಿ ಕಂಪ್ಯೂಟರಿನ ಸಾಲಲ್ಲಿ ನಿಂತಿದ್ರಲ್ಲ, ಅವರಿಗೇ ಮುಗುದೋಯ್ತು. ನಿಮ್ಮ ಸರದಿ ಬರೋ ಹೊತ್ತಿಗೆ ಮೇಲಕ್ಕೆ ಹೋಗ್ಬುಡ್ತು. ಇಲ್ಲಿ ಎದ್ದು ಹೋದೋರನ್ನ ಯಾರೂ ವಾಪಸ್ ಕರೆಯಲ್ಲ ಕಣಕ್ಕ. ಈಗ್ಲಾದ್ರೂ ರೇಟು ಏರ್ಸಿ, ಇನ್ನೂ ಏರಂಗೈತೆ."

"ಬ್ಯಾಡ. ಇಳೀಲಿ."

ನೂರ ಐವತ್ತೈದಾಯಿತು. ಐವತ್ತೆಂಟಾಯಿತು. ಈಗ ಕೊಂಡರೂ ಲಾಭವಿರಬಹುದು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಆ ರೇಟಿಗೆ ಕೊಂಡರೆ ಸುಚಿತ್ರ ಅವಳಿಗಿಂತ ಹನ್ನೆರಡು ರೂಪಾಯಿ ಜಾಸ್ತಿ ಬುದ್ಧಿವಂತೆ ಆಗಿಬಿಡುತ್ತಿದ್ದಳು. ಒಂದು ಗಂಟೆಯ ಬಸ್ಸನ್ನೂ ಬಿಟ್ಟು ಕೂತಳು.

ಮೂರೂವರೆಗೆ ಮಾರುಕಟ್ಟೆ ಮುಚ್ಚಿತು. ರೇಟು ನೂರ ಅರವತ್ತೊಂದು. "ನೀವು ಹೇಳಿದ ರೇಟಿಗೆ ಸಿಗ್ದೆ ನಿಮ್ಮ ಆರ್ಡರ್ ರದ್ದಾಯ್ತಕ್ಕ," ಎಂದ ಜಾವೀದ್. ದುಡ್ಡಿನ ಬ್ಯಾಗು ಇನ್ನೂ ತೊಡೆಯ ಮೇಲೆಯೇ ಇತ್ತು.

ಪಂಕಜಾಕ್ಷಿ ಮೊಬೈಲು ತೆಗೆದು, ಗಂಟಲು ಸರಿಮಾಡಿಕೊಂಡಳು.

"ಸುಚಿತ್ರಾ, ನಂದೂ ಆಯ್ತು ಕಣೇ. ನೂರ ನಲವತ್ತೈದಕ್ಕೆ ಸಿಕ್ಬುಡ್ತು!"

"ಒಳ್ಳೇದಾಯ್ತು ಬುಡಕ್ಕ," ಎಂಬ ಒಣ ದನಿ ಆ ಕಡೆಯಿಂದ ಬಂದು ಫೋನು ಕಟ್ಟಾಯಿತು. ಬೆಳಿಗ್ಗೆಯಿಂದ ಗಂಟುಹಾಕಿಕೊಂಡಿದ್ದ ಪಂಕಜಾಕ್ಷಿಯ ಮುಖ ಆಗ ಅರಳಿತು.

ಜಾವೀದ್ ಕಂಪ್ಯೂಟರ್ ಆರಿಸುತ್ತಾ, ಅವಳ ಕಡೆ ನೋಡದೆ ಹೇಳಿದ:

"ಹೋದ ಗುರುವಾರ ಸುಚಿತ್ರಕ್ಕನ ಆರ್ಡರೂ ಹಿಂಗೇ ರದ್ದಾಗಿತ್ತು. ಅವರು ನಿಮಗೆ ಫೋನ್ ಮಾಡಿದ್ದೂ ಇದೇ ಕುರ್ಚೀಲಿ ಕೂತ್ಕಂಡೇ ಅಕ್ಕ."