ಹೆಸರಿಲ್ಲದ ಹಾಳೆ

ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸಂಶೋಧನೆಗೆಂದು ಬಂದಿದ್ದ ಮೇಡಂ ಹೊಲಿಗೆ ಲೈನುಗಳಲ್ಲಿ ಹಾಳೆ, ಪೆನ್ಸಿಲು ಹಂಚಿದರು. “ನಿಮ್ಮ ಲೈನಿನ ಸೂಪರ್‌ವೈಸರ್ ಕಂಡರೆ ಎಷ್ಟು ಭಯ? ಒಂದರಿಂದ ಐದರೊಳಗೆ ಅಂಕ ಕೊಡಿ. ಒಂದು ಅಂದರೆ ಭಯವೇ ಇಲ್ಲ. ಹೆಸರು ಬರೀಬೇಡಿ, ಯಾರ ಉತ್ತರ ಅಂತ ಯಾರಿಗೂ ಗೊತ್ತಾಗಲ್ಲ.”

“ಐದು ಹಾಕಕ್ಕ,” ಪಕ್ಕದ ಮಿಷಿನ್ನಿನ ಹುಡುಗಿ ಚಿಕ್ಕತಾಯಮ್ಮನಿಗೆ ಪಿಸುಗುಟ್ಟಿದಳು. “ಎಲ್ರೂ ಐದು ಹಾಕುದ್ರೆ ಆವಯ್ಯನ್ನ ಎತ್ತಂಗಡಿ ಮಾಡ್ತಾರಂತೆ.”

ನಿನ್ನೆ ತಾನೇ ಅವನು ಹೊಲಿಗೆ ತಪ್ಪಿದ ಅಂಗಿಯನ್ನು ಅವಳ ಮುಖಕ್ಕೆ ಎಸೆದಿದ್ದ. ಚಿಕ್ಕತಾಯಮ್ಮ ಒತ್ತಿ ಒತ್ತಿ ಐದು ಬರೆದಳು.

ಅಷ್ಟರಲ್ಲಿ ಮೇಡಂಗೆ ನೆರವಾಗಲೆಂದು ಸೂಪರ್‌ವೈಸರನೇ ಹಾಳೆ ಕೂಡಿಸತೊಡಗಿದ. ಬಟ್ಟೆಯ ಬಂಡಲ್ ಜೋಡಿಸುವ ಹಾಗೆ, ಮೊದಲನೇ ಮಿಷಿನ್ನಿನಿಂದ ಸಾಲಾಗಿ, ಒಂದರ ಕೆಳಗೊಂದು. ಅವಳದು ಹನ್ನೊಂದನೇ ಮಿಷಿನ್ನು. ಹನ್ನೊಂದನೇ ಹಾಳೆ ಯಾರದೆಂದು ಅವನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ. ಅವಳು ಪೆನ್ಸಿಲಿನ ತುದಿಯ ರಬ್ಬರಿನಿಂದ ಐದನ್ನು ಉಜ್ಜಿ ಒಂದು ಬರೆದಳು. ಪಕ್ಕದ ಹುಡುಗಿಯೂ ಉಜ್ಜುತ್ತಿದ್ದಳು.

ತಿಂಗಳಾದ ಮೇಲೆ ಮ್ಯಾನೇಜರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಆ ಸೂಪರ್‌ವೈಸರನ ಹೆಗಲ ಮೇಲೆ ಕೈಯಿಟ್ಟರು.

“ಇಡೀ ಫ್ಯಾಕ್ಟರಿಯಲ್ಲಿ ಒಬ್ಬರಿಗೂ ಭಯ ಇಲ್ಲದ ಲೈನು ಇದೊಂದೇ ಅಂತ ಸಂಶೋಧನೆಯಲ್ಲಿ ಗೊತ್ತಾಗಿದೆ. ಅದಕ್ಕೇ ಇವತ್ತಿಂದ ಎಲ್ಲಾ ಲೈನಿಗೂ ಇವರೇ ಸೂಪರ್‌ವೈಸರ್.”