ರಾತ್ರಿ ಪಾಳಿಯ ಮೇಲೊಂದು ಅರ್ಜಿ

ಚನಮಲ್ಲಪ್ಪ ಎರಡು ಕಾಗದಗಳನ್ನು ನೆಲದ ಮೇಲೆ ಪಕ್ಕಪಕ್ಕ ಇಟ್ಟು ಮೊಣಕಾಲೂರಿ ನೋಡಿದ. ಒಂದು, ಪುರಸಭೆ ಕಳಿಸಿದ್ದ ಅರ್ಜಿಯ ಜೆರಾಕ್ಸ್. ಇನ್ನೊಂದು, ಪಕ್ಕದ ಮನೆಯ ಸತ್ಯವ್ವ ಅಕ್ಕೋರು ಕ್ರಿಸ್‌ಮಸ್ಸಿಗೆ ಕರ್ಚಿಕಾಯಿಯ ಜೊತೆ ಕಳಿಸಿದ್ದ ಚೀಟಿ. ಎರಡರಲ್ಲೂ ಅದೇ ಗುಂಡನೆಯ ಅಕ್ಷರ, ಅದೇ ಉದ್ದನೆಯ ಕೊಂಬು.

"ಸಿಕ್ಕಳು," ಅಂದ.

ಅವನ ಹೆಂಡತಿ ಶಂಕ್ರೆವ್ವ ಒಲೆಯ ಮುಂದೆ ತೂಕಡಿಸುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಸೀದಿತ್ತು.

"ರೊಟ್ಟಿ ಕರ್ರಗಾತಲ್ಲ. ಕಣ್ಣು ಎಲ್ಲದಾವು ನಿನ್ನವು?"

"ಇಲ್ಲೇ ಅದಾವ್ರಿ. ಏನ್ ಬರದೈತಿ ಅದರಾಗ?"

"ನಿನಗ ಹೇಳಿ ಏನ್ ಮಾಡ್ಲಿ?" ಎನ್ನುತ್ತಲೇ ಓದಿದ. 'ಮಗ್ಗದ ಕೋಣೆಯ ಗೋಡೆಗೆ ಹತ್ತಿಕೊಂಡು ಮಲಗುವವಳು ನಾನು. ವರ್ಷದಿಂದ ನಿದ್ದೆಯಿಲ್ಲ. ರಾತ್ರಿ ಪಾಳಿ ನಿಲ್ಲಿಸಿರಿ. ನನ್ನ ಹೆಸರನ್ನು ವಿಚಾರಣೆಯ ದಿನ ಎದುರಿಗೇ ಹೇಳುತ್ತೇನೆ.'

ರಾತ್ರಿ ಪಾಳಿ ನಿಂತರೆ ಅವನ ಹನ್ನೆರಡು ಮಗ್ಗಗಳ ಅರ್ಧ ದುಡಿಮೆ ಹೋದಂತೆ. ಬನಹಟ್ಟಿಯಲ್ಲಿ ಮಗ್ಗದ ಸಪ್ಪಳಕ್ಕೆ ಯಾರಾದರೂ ದೂರು ಕೊಟ್ಟದ್ದನ್ನು ಅವನು ಕೇಳಿರಲಿಲ್ಲ. ಆ ಸಪ್ಪಳ ಜೋಗುಳವಿದ್ದಂತೆ ಎಂದು ಎಲ್ಲರಿಗೂ ಹೇಳುತ್ತಿದ್ದ. ತಾನು ಮಾತ್ರ ನೂಲು ಕಾಯಲು ಪೇಟೆಯ ಅಂಗಡಿಯಲ್ಲಿ ಮಲಗುತ್ತಿದ್ದ.

ಅವನ ಮನೆಗೂ ಪಕ್ಕದ ಮನೆಗೂ ನಡುವೆ ಮಗ್ಗದ ಕೋಣೆ. ಅತ್ತ ಕಡೆಯ ಬಾಡಿಗೆ ಮನೆಗೆ ಕನ್ನಡ ಶಾಲೆಯ ಶಿಕ್ಷಕಿ ಸತ್ಯವ್ವ ವರ್ಗವಾಗಿ ಬಂದದ್ದು ಹೋದ ವರ್ಷ. ಕ್ರೈಸ್ತರ ಪೈಕಿ, ಒಂಟಿ ಹೆಂಗಸು. ಬಂದ ವಾರವೇ, ನಿದ್ದೆಗೆಟ್ಟ ಕೆಂಗಣ್ಣಿನಲ್ಲಿ ನಗುತ್ತ ಅವನನ್ನು ನಿಲ್ಲಿಸಿದ್ದಳು.

"ಮೂರು ಗಂಟೆ ತನಕ ಎಚ್ಚರ ಇದ್ದೆ ನೋಡ್ರಿ. ಬಂಧು ಬಳಗ ಎಲ್ಲಾರ ಹೆಸರಿಲೆ ಪ್ರಾರ್ಥನಾ ಮುಗಸಿ, ಕಡೀಕ ನಿಮ್ಮ ಮಗ್ಗದ ಹೆಸರಿಲೇನೂ ಮಾಡಿದೆ. ಇಷ್ಟು ಪುರಸೊತ್ತು ನನಗ ಎಂದೂ ಸಿಕ್ಕಿದ್ದಿಲ್ಲ. ದೇವರಿಗೆ ಸ್ತೋತ್ರ."

ಚುಚ್ಚುಮಾತು ಎಂದುಕೊಂಡ ಚನಮಲ್ಲಪ್ಪ. ಅತಿ ಹಳೆಯ ಎರಡು ಮಗ್ಗಗಳನ್ನು ಎಳೆಸಿ ಅವಳ ಗೋಡೆಗೇ ಹಚ್ಚಿಸಿದ. ಮರುದಿನ ಅವಳು ಮತ್ತೆ ನಕ್ಕಳು. "ಈ ಮಗ್ಗದ ತಾಳ ಬ್ಯಾರೆ ಐತ್ರಿ. ಕೀರ್ತನಿ ಹಾಡಾಕ ಛಲೋ ಹೊಂದ್ತೈತಿ."

ಇಷ್ಟು ಸಿಹಿ ಮಾತಿನವರು ಬೆನ್ನ ಹಿಂದೆ ಏನೋ ಮಾಡುತ್ತಿರುತ್ತಾರೆ. ಹೆಂಡತಿಯನ್ನು ಕರೆದು ಹೇಳಿದ್ದ. "ದಿನಾ ಸಂಜಿಕ್ಕ ಹೋಗಿ ಕುಂದರು. ಆಕಿ ಏನ್ ಬರೀತಾಳ, ಬಂದು ಹೇಳು."

ಶಂಕ್ರೆವ್ವ ಸೆರಗಿನಲ್ಲಿ ಎರಡು ರೊಟ್ಟಿ ಮುಚ್ಚಿಕೊಂಡು ದಿನವೂ ಹೋದಳು. ಅವಳ ವರದಿ ತಿಂಗಳುಗಟ್ಟಲೆ ಒಂದೇ. "ಬರಿಯೂದು ನಡದೈತ್ರಿ."

ಈಗ ಅವನು ಕಾಗದಗಳನ್ನು ಹಿಡಿದು ಸತ್ಯವ್ವನ ಬಾಗಿಲಿಗೆ ಹೋದ.

"ಈ ಅಕ್ಷರ ಯಾರವು, ಅಕ್ಕೋರ?"

ಅವಳು ಕನ್ನಡಕ ಏರಿಸಿ ಅರ್ಜಿಯನ್ನು ಬಹಳ ಹೊತ್ತು ನೋಡಿದಳು. ಮುಖ ಅರಳಿತು.

"ನನ್ನವ ಇದ್ದಂಗ ಅದಾವಲ್ರಿ. ಎರಡು ಒತ್ತು ತಪ್ಪ್ಯಾವು. ಇರ್ಲಿ."

"ಚ್ಯಾಷ್ಟಿ ಮಾಡ್ತೀರಿ? ರಾತ್ರಿ ಪಾಳಿ ನಿಂತರ ನಿಮ್ಮನ್ನೂ ಊರಾಗ ಇರಗೊಡೂದಿಲ್ಲ. ವರ್ಗಾ ಮಾಡಿಸಿ ಲೋಕಾಪುರದ ಆಚೀಕ ಒಗಸ್ತೀನಿ."

"ಅಲ್ಲಿ ನಿದ್ದಿ ಬಂತಂದ್ರ, ಅದಕ್ಕೂ ನಿಮಗೊಂದು ಸ್ತೋತ್ರ ಹೇಳ್ತೀನಿ. ಒಳಗ ಬರ್ರಿ, ಚಹಾ ಕುಡದು ಹೋಗ್ರಿ."

ಅವನು ಹೊಸ್ತಿಲ ಮೇಲೆ ಉಗುಳಿ ಹೊರಟ.

ಸೋಮವಾರ ಪುರಸಭೆಯಲ್ಲಿ ವಿಚಾರಣೆ. ಸಾಕ್ಷಿಗೆಂದು ಚನಮಲ್ಲಪ್ಪ ಹೆಂಡತಿಯನ್ನೂ ಕರೆತಂದಿದ್ದ. ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದ. "ನಾವೂ ಅದ ಸಪ್ಪಳದಾಗ ಮಲಗ್ತೀವಿ, ಯಾರಿಗೂ ತ್ರಾಸ ಇಲ್ಲ, ಅನ್ನು. ಅಷ್ಟ ಸಾಕು. ಹೆಚ್ಚಿಂದು ನಿನಗ ತಿಳಿಯೂದಿಲ್ಲ."

"ಹೂಂ," ಎಂದಿದ್ದಳು ಶಂಕ್ರೆವ್ವ.

ಅಧಿಕಾರಿ ಅರ್ಜಿಯನ್ನು ಓದಿಸಿದರು. ಸತ್ಯವ್ವ ಗೋಡೆ ಬದಿಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು, ತುಟಿ ಅಲುಗುತ್ತಿತ್ತು. ಗೆದ್ದ ಮೇಲೆ ಹೇಳಲಿಕ್ಕೆ ಇನ್ನೊಂದು ಸ್ತೋತ್ರ ಸಿದ್ಧ ಮಾಡುತ್ತಿದ್ದಾಳೆ ಎಂದುಕೊಂಡ.

"ಅರ್ಜಿದಾರರು ಯಾರ್ರಿ? ಮುಂದ ಬಂದು ಹೆಸರು ಹೇಳಿ ಸಹಿ ಮಾಡ್ರಿ."

"ಏಳ್ರಿ ಅಕ್ಕೋರ," ಎಂದು ಚನಮಲ್ಲಪ್ಪ ಜೋರಾಗಿಯೇ ಅಂದ. "ನಾಚಿಕಿ ಯಾಕ?"

ಸತ್ಯವ್ವ ಕಣ್ಣು ತೆರೆದಳು. ಏಳಲಿಲ್ಲ.

ಅವನ ಮಗ್ಗುಲಲ್ಲಿ ಬಳೆಗಳ ಸದ್ದಾಯಿತು. ತಲೆಯ ಮೇಲೆ ಸೆರಗು ಹೊದ್ದು ಮೇಜಿನ ಬಳಿ ಬಂದ ಹೆಂಗಸಿನ ಕಡೆಗೆ ಗುಮಾಸ್ತ ರೂಢಿಯಂತೆ ಹೆಬ್ಬೆಟ್ಟಿನ ಮಸಿಡಬ್ಬಿ ಸರಿಸಿದ. ಶಂಕ್ರೆವ್ವ ಅದನ್ನು ಹಿಂದಕ್ಕೆ ಸರಿಸಿ, ಪೆನ್ನು ಕೇಳಿ ತೆಗೆದುಕೊಂಡು, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ, ಗುಂಡಗೆ ಬರೆದಳು.