ಏನ್ ಸಾರು?

ವೇದಿಕೆಯ ಮೇಲೆ ನಟ ತನ್ನ ಕೆಟ್ಟ ದಿನಗಳ ಬಗ್ಗೆ ಹೇಳಿಕೊಳ್ಳುತ್ತಿದ್ದ. ಬದುಕೇ ಬೇಡವೆಂದು ಬಾಗಿಲು ಹಾಕಿಕೊಂಡು ಕೂತಿದ್ದ ಆ ವರ್ಷ ಅವನನ್ನು ಉಳಿಸಿದ್ದು ಬಾಲ್ಯದ ಗೆಳೆಯ ಗುರುಪಾದನ ಫೋನು.

“ಊಟ ಆಯ್ತಾ ಅಂದ್ರೆ ಎಲ್ರೂ ಆಯ್ತು ಅಂತೀವಿ. ಇವನು ಅಷ್ಟಕ್ಕೇ ಬಿಡ್ತಿರ್ಲಿಲ್ಲ, ‘ಏನ್ ಸಾರು?’ ಅಂತಿದ್ದ. ಅಲ್ಲಿ ನನ್ನ ಸುಳ್ಳು ಸಿಕ್ಕಿಬೀಳ್ತಿತ್ತು. ಅರ್ಧ ಗಂಟೇಲಿ ಬುತ್ತಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಿದ್ದ.”

ಸಭೆ ಚಪ್ಪಾಳೆ ತಟ್ಟಿತು. ನಿರೂಪಕಿ ಮೈಕು ಮುಂದೆ ಹಿಡಿದಳು. “ಅವರಿಗೊಂದು ಫೋನ್ ಮಾಡಿ ಸರ್, ನಾವೂ ಮಾತಾಡಿಸ್ತೀವಿ.”

ನಟ ಸ್ಪೀಕರ್ ಹಾಕಿ ಫೋನ್ ಮಾಡಿದ. ಎರಡು ಸಲ ಮಾಡಿದರೂ ರಿಂಗಾಗಿ ನಿಂತಿತು. ಗುರುಪಾದನೇ ಫೋನ್ ಮಾಡಿ ಎಷ್ಟು ದಿನವಾಯಿತೆಂದು ನಟನಿಗೆ ನೆನಪಾಗಲಿಲ್ಲ. ಮೂರನೆಯ ಸಲ ಗೆಳೆಯ ಎತ್ತಿಕೊಂಡ.

“ಊಟ ಆಯ್ತೇನೋ?” ನಟ ಕೇಳಿದ.

“ಆಯ್ತು.”

ಸಭೆ ಗೊಳ್ಳೆಂದು ನಕ್ಕಿತು. ನಟ ನಗಲಿಲ್ಲ. ಆ ವರ್ಷವಿಡೀ ತನ್ನದೇ ಗಂಟಲಿನಿಂದ ಬರುತ್ತಿದ್ದ ‘ಆಯ್ತು’ ಅದು. ಅವನು ಸ್ಪೀಕರ್ ಆಫ್ ಮಾಡಿ, ಫೋನನ್ನು ಕಿವಿಗೊತ್ತಿಕೊಂಡ.

“ಏನ್ ಸಾರು?”



“ಒಲೆ ಹಚ್ಚಿ ನಾಕು ದಿನ ಆಯ್ತು ಕಣೋ.”